ನಂದಿಯೋ ನಾಸಿಕ್ಕೋ? ಎರಡು ಚಳಿಗಾಲ, ಎರಡು ದ್ರಾಕ್ಷಿ ಸೀಮೆ

ನಮ್ಮ ಮನೆಯಲ್ಲಿ ವೈನ್ ಹೆಂಡತಿಯ ಹುಚ್ಚು, ಹಕ್ಕಿ ನನ್ನ ಹುಚ್ಚು, ಊಟ ಇಬ್ಬರದೂ. ಮೂರೂ ಒಂದೇ ಪ್ರವಾಸದಲ್ಲಿ ಸಿಗಬೇಕು ಅಂತ ಎರಡು ಕಡೆ ಹೋಗಿ ನೋಡಿದೆವು. ಒಂದು ಚಳಿಗಾಲ ಬೆಂಗಳೂರಿನ ಪಕ್ಕದ ನಂದಿ ಬೆಟ್ಟ, ದೊಡ್ಡಬಳ್ಳಾಪುರ: ಒಂದು ರಾತ್ರಿ. ಮರುವರ್ಷ ನಾಸಿಕ್: ಮೂರು ರಾತ್ರಿ.

ವೈನ್ ವಿಷಯ ಮೊದಲು. ಆಯ್ಕೆ ಜಾಸ್ತಿ ಬೇಕಿದ್ದರೆ ನಾಸಿಕ್, ಅದರಲ್ಲಿ ಎರಡು ಮಾತಿಲ್ಲ. ಗಂಗಾಪುರ ಅಣೆಕಟ್ಟಿನ ಕಡೆ ಸುಲಾ, ಯಾರ್ಕ್ ಅನ್ನೋ ವೈನರಿಗಳೆರಡೂ ಹತ್ತಿರ ಹತ್ತಿರ ಇವೆ. ಒಂದೇ ದಿನದಲ್ಲಿ ಎರಡನ್ನೂ ನೋಡಬಹುದು. ಆದರೆ ವಾರದ ಕೊನೆಯಲ್ಲಿ ಅಲ್ಲಿ ಜಾತ್ರೆ. ದೊಡ್ಡಬಳ್ಳಾಪುರದ ಕಡೆ ರಘುನಾಥಹಳ್ಳಿಯ ಗ್ರೋವರ್ ತೋಟ ಅವೆರಡಕ್ಕಿಂತ ಹಳೆಯದು, 1980ರ ದಶಕದಲ್ಲೇ ಫ್ರೆಂಚ್ ತಳಿಗಳನ್ನು ನೆಟ್ಟವರು ಅವರು. ನಾವು ಹೋದಾಗ ಎಂಟೇ ಜನ. ಪೀಪಾಯಿಗಳ ತಣ್ಣನೆ ಕೋಣೆಯಲ್ಲಿ ನಿಂತು ಕೇಳಿದ್ದಕ್ಕೆಲ್ಲ ಉತ್ತರ ಸಿಕ್ಕಿತು. ಹೆಂಡತಿಯ ತೀರ್ಪು: ಬಿಳಿ ವೈನ್ ನಾಸಿಕ್‌ನದು, ಕೆಂಪು ನಂದಿಯದು. ಗ್ರೋವರ್‌ನ ಲಾ ರಿಸರ್ವ್ ಒಂದು ಬಾಟಲಿ ಮನೆಗೂ ಬಂತು.

ನಾನು ವಿಜಯಪುರದ ಕಡೆಯವನು, ದ್ರಾಕ್ಷಿ ಬಳ್ಳಿ ನೋಡಿಯೇ ಬೆಳೆದವನು. ನಾಸಿಕ್‌ನಲ್ಲೂ ರೈತರ ಬಾಯಲ್ಲಿ ಅದೇ 'ಚಾಟ್ನಿ' (ಬಳ್ಳಿಯ ರೆಂಬೆ ಕತ್ತರಿಸೋದು) ಮಾತು ಕೇಳಿ ಖುಷಿಯಾಯಿತು. ಚಳಿ ದೇಶಗಳಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ನಮ್ಮ ಬಿಸಿಲಲ್ಲಿ ಅದಕ್ಕೆ ಆ ನಿದ್ದೆ ಇಲ್ಲ. ಅದಕ್ಕೇ ಬೇಸಿಗೆಯಲ್ಲಿ ಒಂದು ಚಾಟ್ನಿ, ಮಳೆ ಮುಗಿಯುವಾಗ ಇನ್ನೊಂದು. ಬೆಳೆ ಮಾತ್ರ ಒಂದೇ. ನಾಸಿಕ್‌ನಲ್ಲಿ ಜನವರಿಯಿಂದ ಮಾರ್ಚ್ ಒಳಗೆ ಹೋದರೆ ಗೊಂಚಲು ಕಾಣುತ್ತದೆ. ಜೂನ್‌ನಲ್ಲಿ ಹೋದರೆ ಬರೀ ಎಲೆ ನೋಡಿ ಬರಬೇಕು.

ಇನ್ನು ನನ್ನ ಹುಚ್ಚು. ನಾಸಿಕ್‌ನಿಂದ ಸುಮಾರು 40 ಕಿ.ಮೀ. ದೂರದಲ್ಲಿ, ನಿಫಾಡ್ ತಾಲ್ಲೂಕಿನಲ್ಲಿ ನಂದೂರ್ ಮಧ್ಯಮೇಶ್ವರ ಇದೆ. ಗೋದಾವರಿ, ಕಾಡ್ವಾ ನದಿಗಳು ಸೇರುವಲ್ಲಿ ನೂರು ವರ್ಷದ ಹಿಂದೆ ಕಟ್ಟಿದ ಒಡ್ಡು. ಆ ಒಡ್ಡಿನ ಹಿಂಬದಿ ಹೂಳು ತುಂಬಿತು, ನೀರು ತೆಳುವಾಯಿತು, ನಡುಗಡ್ಡೆಗಳೆದ್ದವು. ನೀರಾವರಿಗೆ ನಷ್ಟ, ಹಕ್ಕಿಗಳಿಗೆ ಹಬ್ಬ. 2020ರಲ್ಲಿ ಇದು ಮಹಾರಾಷ್ಟ್ರದ ಮೊದಲ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲ, ಅಂತ ಘೋಷಣೆಯಾಯಿತು. ಬೆಳಿಗ್ಗೆ ಆರೂವರೆಗೆ ಕಾವಲು ಗೋಪುರ ಹತ್ತಿದರೆ ಹಲ್ಲು ಕಟಕಟ. ನಿಫಾಡ್ ಚಳಿ ಮಹಾರಾಷ್ಟ್ರದಲ್ಲೇ ಹೆಸರುವಾಸಿ, ನನಗೆ ಆಮೇಲೆ ಗೊತ್ತಾಯಿತು! ಮಂಜು ಸರಿದಂತೆ ಬಣ್ಣದ ಕೊಕ್ಕರೆ, ಚಮಚ ಕೊಕ್ಕಿನವು, ನೇರಳೆ ಜಂಬುಕೋಳಿಗಳ ಹಿಂಡು. ಎಣಿಸೋದು ಬಿಟ್ಟು ಸುಮ್ನೆ ಕೂತೆ. ಹೆಂಡತಿ ಕೂಡ ದುರ್ಬೀನು ವಾಪಸ್ ಕೊಡಲಿಲ್ಲ.

ನಂದಿಯಲ್ಲಿ ಇಷ್ಟು ರಾಶಿ ಇಲ್ಲ. ಅಲ್ಲಿ ಹುಡುಕಬೇಕು. ಹಳದಿ ಕತ್ತಿನ ಪಿಕಳಾರ ಅಂತ ಒಂದು ಹಕ್ಕಿ, ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಪೊದೆಗೆ ಕಿವಿ ಕೊಟ್ಟು ಎರಡು ಗಂಟೆ ಕಾದ ಮೇಲೆ ಹತ್ತು ಸೆಕೆಂಡ್ ಕಂಡಿತು. ಅಷ್ಟರಲ್ಲಿ ಕೋತಿ ನಮ್ಮ ಬಿಸ್ಕತ್ತಿನ ಪೊಟ್ಟಣ ಒಯ್ದಿತ್ತು. ಒಂದು ಎಚ್ಚರಿಕೆ: ಭಾನುವಾರ ಬೇಡ. ಸೂರ್ಯೋದಯ ನೋಡುವವರ ಗಾಡಿಗಳ ಸಾಲಿನಲ್ಲಿ ನಿಂತರೆ ಹಕ್ಕಿಯ ಹೊತ್ತು ಕಳೆದೇ ಹೋಗುತ್ತದೆ.

ಊಟದಲ್ಲಿ ನಮ್ಮಿಬ್ಬರಿಗೂ ಜಗಳ. ನಾಸಿಕ್ ಮಿಸಳ್ ನನಗೆ ಬಹಳ ಹಿಡಿಸಿತು. ಮೊಳಕೆ ಕಾಳು, ಮೇಲೆ ಗರಿಗರಿ ಸೇವು, ಪಕ್ಕದಲ್ಲಿ ಖಾರದ ರಸ, ಪಾವ್, ಹಪ್ಪಳ, ಮೊಸರು. ವೈನರಿಯ ದುಬಾರಿ ಪಿಜ್ಜಾಕ್ಕಿಂತ ಇದೇ ವಾಸಿ. ಆದರೆ ಹೆಂಡತಿ ಕೋಲಾರದವಳು. ಜನವರಿಯಲ್ಲಿ ಚಿಕ್ಕಬಳ್ಳಾಪುರ ರಸ್ತೆಯ ಪುಟ್ಟ ಹೋಟೆಲಿನಲ್ಲಿ ಮುದ್ದೆ, ಹಿತಕಿದ ಅವರೆಬೇಳೆ ಸಾರು ಉಂಡ ಮೇಲೆ ಅವಳ ಮುಂದೆ ಮಿಸಳ್ ಮಾತೇ ಎತ್ತುವಂತಿಲ್ಲ. ಸೊಗಡಿನ ಅವರೆಗೆ ಯಾವ ವೈನ್ ಹೊಂದುತ್ತೆ ಅಂತ ಕೇಳಿದೆ. "ಮಜ್ಜಿಗೆ" ಅಂದಳು.

ಖರ್ಚು ಹೇಳಿಬಿಡುತ್ತೇನೆ. ಪುಣೆಗೆ ವಿಮಾನ, ಅಲ್ಲಿಂದ ಸುಮಾರು 210 ಕಿ.ಮೀ. ಬಾಡಿಗೆ ಕಾರು, ರೂಮು ಎಲ್ಲ ಸೇರಿ ನಾಸಿಕ್ ನಮಗೆ ನಂದಿಯ ಐದು ಪಟ್ಟು ಬಿತ್ತು. ಅದರಲ್ಲೂ 'ತೋಟದ ನಡುವೆ ಶಾಂತ ವಾಸ' ಅಂತ ನಂಬಿ ಹಿಡಿದ ರೂಮಿನ ಪಕ್ಕದಲ್ಲೇ ಮದುವೆ ಡಿಜೆ, ರಾತ್ರಿ ಹನ್ನೆರಡರವರೆಗೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಕ್ಕಿ ನೋಡಬೇಕಾದವನ ಪಾಡು ಕೇಳಬೇಡಿ.

ಈ ಜನವರಿಗೆ ಎರಡೇ ದಿನ ರಜೆ ಇದೆ, ಹಾಗಾಗಿ ನಂದಿ. ಮೂರು ರಾತ್ರಿ ಸಿಕ್ಕ ವರ್ಷ ಮತ್ತೆ ನಾಸಿಕ್, ಆದರೆ ಒಂದು ರಾತ್ರಿ ನಿಫಾಡ್ ಕಡೆಗೇ ಉಳಿಯೋದು ಅಂತ ಒಪ್ಪಂದ ಆಗಿದೆ. ಜತೆಗೆ ಸ್ವೆಟರ್ ಎರಡು.