ಕಟ್ಟಡದ ಮಾದರಿ ವೆಬ್‌ಗೆ: ಚಂದಾ ಸೇವೆ, ಬ್ಲೆಂಡರ್, ಐಎಫ್‌ಸಿ ಕನ್ವರ್ಟ್

ಕಟ್ಟಡದ ಐಎಫ್‌ಸಿ (ಕಟ್ಟಡ ವಿನ್ಯಾಸದ ತಂತ್ರಾಂಶಗಳು ಹಂಚಿಕೊಳ್ಳುವ ಕಡತ ರೂಪ) ಮಾದರಿಗಳನ್ನು ಮೊಬೈಲಿನಲ್ಲಿ ತಿರುಗಿಸಿ ನೋಡುವಂತೆ ಜಿಎಲ್‌ಬಿ ಎಂಬ ವೆಬ್‌ಗೆ ಒಗ್ಗುವ 3ಡಿ ಕಡತಕ್ಕೆ ಪರಿವರ್ತಿಸಲು ತುಮಕೂರಿನ ನಮ್ಮ ಕಚೇರಿಯಲ್ಲಿ ಈಗ ಬಳಸುವುದು ಐಎಫ್‌ಸಿ ಕನ್ವರ್ಟ್ ಎಂಬ ಉಚಿತ ತಂತ್ರಾಂಶವನ್ನು. ಅದಕ್ಕೂ ಮೊದಲು ತಿಂಗಳ ಚಂದಾ ಕಟ್ಟಿ ಕೊಂಡಿದ್ದ ಒಂದು ಆನ್‌ಲೈನ್ ಸೇವೆ ನನಗೆ ನಷ್ಟವನ್ನೇ ತಂದಿತು.

ಗುಬ್ಬಿ ರಸ್ತೆಯ ಕಲ್ಯಾಣ ಮಂಟಪವೊಂದರ ಮಾದರಿಯನ್ನು ಆ ಸೇವೆಯಲ್ಲಿ ಪರಿವರ್ತಿಸಿ ಮಾಲೀಕರಿಗೆ ಕಳುಹಿಸಿದ್ದೆ. ಉತ್ತರ ದಿಕ್ಕಿಗೆ ಏರುವ ಮೆಟ್ಟಿಲುಗಳಿಗೆಲ್ಲ ನಾನು 30 ಸೆಂ.ಮೀ. ಟ್ರೆಡ್ (ಕಾಲಿಡುವ ಅಗಲ) ಕೊಟ್ಟಿದ್ದರೆ, ಫೋನಿನಲ್ಲಿ ಒಂದು ಮೆಟ್ಟಿಲು 25, ಇನ್ನೊಂದು 37.5 ಸೆಂ.ಮೀ. ಇತ್ತು. "ಏನ್ ಸಾರ್, ಮೆಟ್ಟಿಲು ಹಿಂಗೇ ಕಟ್ತೀರಾ?" ಎಂದು ಅವರು ಕೇಳಿದರು. ರೈಸರ್ (ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಏರುವ) ಎತ್ತರಗಳು ಮಾತ್ರ ಸರಿಯಾಗಿದ್ದವು.

ಕಾರಣ ತಿಳಿಯಲು ಎರಡು ದಿನ ಹಿಡಿಯಿತು. ಸರ್ವೆಯವರು ಕೊಟ್ಟ ಯುಟಿಎಂ (ಭೂಮಿಯ ಮೇಲಿನ ಸ್ಥಾನವನ್ನು ಮೀಟರ್‌ಗಳಲ್ಲಿ ಹೇಳುವ ಪದ್ಧತಿ) ನಿರ್ದೇಶಾಂಕಗಳಲ್ಲೇ ಮಾದರಿಯನ್ನು ಕೂರಿಸಿದ್ದೆವು. ಆ ಲೆಕ್ಕದಲ್ಲಿ ತುಮಕೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 14.75 ಲಕ್ಷ ಮೀಟರ್ ದೂರದಲ್ಲಿದೆ. ಜಿಎಲ್‌ಬಿ ಕಡತವು ಪ್ರತಿ ಬಿಂದುವಿನ ನಿರ್ದೇಶಾಂಕಗಳನ್ನೂ 32 ಬಿಟ್ ಫ್ಲೋಟ್ ಸಂಖ್ಯೆಗಳಾಗಿ (ಅಂಕಿ ದೊಡ್ಡದಾದಷ್ಟೂ ನಿಖರತೆ ಕುಗ್ಗುವ ಬಗೆ) ಬರೆದಿಡುವುದರಿಂದ, ಅಷ್ಟು ದೊಡ್ಡ ಮೊತ್ತದಲ್ಲಿ ಅದು ಗುರುತಿಸಬಲ್ಲ ಅತಿ ಚಿಕ್ಕ ಅಂತರ 12.5 ಸೆಂ.ಮೀ. ಆಗುತ್ತದೆ, ಮತ್ತು ಮೆಟ್ಟಿಲಿನ ಪ್ರತಿ ಅಂಚೂ 12.5ರ ಹತ್ತಿರದ ಅಪವರ್ತ್ಯಕ್ಕೆ ಜಾರಿಬಿಡುತ್ತದೆ. ಎತ್ತರವು ನೂರಾರು ಮೀಟರ್‌ಗಳಲ್ಲಷ್ಟೇ ಇದ್ದುದರಿಂದ ಅದು ಕೆಡಲಿಲ್ಲ. ಅಂಕಿಗಳು ಚಿಕ್ಕದಾಗುವಂತೆ ಮಾದರಿಯನ್ನು ಮೂಲಬಿಂದುವಿಗೆ (ಸೊನ್ನೆಯ ಜಾಗಕ್ಕೆ) ಸರಿಸುವ ಆಯ್ಕೆಯೇ ಆ ಸೇವೆಯಲ್ಲಿ ಇರಲಿಲ್ಲ.

ಐಎಫ್‌ಸಿ ಕನ್ವರ್ಟ್‌ನಲ್ಲಿ 'ಸೆಂಟರ್ ಮಾಡೆಲ್' ಎಂಬ ಆಯ್ಕೆಯನ್ನು ಆಜ್ಞೆಗೆ ಸೇರಿಸಿದರೆ ಸಾಕು. ದೊಡ್ಡ ಅಂಕಿಗಳು ವಸ್ತುಗಳ ಸ್ಥಾನದಲ್ಲಿರದೆ ಜ್ಯಾಮಿತಿಯೊಳಗೇ ಸೇರಿಕೊಂಡಿದ್ದರೆ 'ಸೆಂಟರ್ ಮಾಡೆಲ್ ಜಾಮೆಟ್ರಿ' ಬೇಕು. ವಸ್ತುವಿನ ಜಿಯುಐಡಿಯನ್ನೇ (ಪ್ರತಿ ವಸ್ತುವಿಗೂ ಇರುವ ವಿಶಿಷ್ಟ ಗುರುತು) ಹೆಸರಾಗಿ ಉಳಿಸಿಕೊಳ್ಳಬಹುದಾದ್ದರಿಂದ, ಬಾಗಿಲನ್ನು ಮುಟ್ಟಿದೊಡನೆ ಅದರ ಅಳತೆಪಟ್ಟಿ ತೋರಿಸುವ ಏರ್ಪಾಡನ್ನೂ ಮಾಡಿಕೊಂಡೆ. ಬಣ್ಣಗಳು ಮಾತ್ರ ಸಪ್ಪೆ.

ಬಣ್ಣ, ಬೆಳಕುಗಳಿಗೆ ಐಎಫ್‌ಸಿ ತೆರೆಯಲು ಬೊನ್ಸಾಯ್ ಆ್ಯಡ್‌ಆನ್ ಹಾಕಿದ ಬ್ಲೆಂಡರ್ ಎಂಬ 3ಡಿ ತಂತ್ರಾಂಶ ಬಹಳ ಮೇಲು, ಅದೂ ಉಚಿತ. ಒಮ್ಮೆ ತೋರಿಸಿ ಮುಗಿಸುವ ಕೆಲಸವಾದರೆ ಅದನ್ನೇ ಆರಿಸುತ್ತೇನೆ. ಆದರೆ ನಮ್ಮ ನಕ್ಷೆಗಳು ವಾರಕ್ಕೆರಡು ಸಲ ಬದಲಾಗುತ್ತವೆ. ಪ್ರತಿ ಸಲವೂ ಕೈಯಿಂದ ಬಣ್ಣ ಹಚ್ಚಿ ಕಡತ ತೆಗೆಯುವಷ್ಟು ಬಿಡುವು ನನಗಿಲ್ಲ, ಒಂದು ಸಾಲಿನ ಆಜ್ಞೆಯಾದರೆ ರಾತ್ರಿ ತಾನಾಗಿ ಓಡುತ್ತದೆ. ವೆಬ್ ಐಎಫ್‌ಸಿ ಎಂಬ ಕೋಡ್ ಲೈಬ್ರರಿ ಬಳಸಿ ಮೂಲ ಕಡತವನ್ನೇ ಬ್ರೌಸರ್‌ನಲ್ಲಿ ತೆರೆದೂ ನೋಡಿದೆ. ಮಾಲೀಕರ ಹಳೆಯ ಫೋನಿನಲ್ಲಿ ಅದು ತೀರಾ ನಿಧಾನ.

ಮಂಟಪದ ಮೆಟ್ಟಿಲನ್ನು ಪರದೆಯ ಮೇಲೆ ಮತ್ತೆ ಅಳೆದಾಗ ಎಲ್ಲ ಟ್ರೆಡ್‌ಗಳೂ 30 ಸೆಂ.ಮೀ. ಬಂದವು. ಎಷ್ಟು ಮೀಟರ್ ಸರಿಸಿದೆವೆಂಬ ಅಂಕಿಗಳನ್ನು ಕಡತದ ಜೊತೆಗೇ ಬರೆದಿಡುತ್ತಿದ್ದೇವೆ, ಏಕೆಂದರೆ ಸರ್ವೆ ನಕ್ಷೆಯ ಮೇಲೆ ಅದನ್ನು ಮತ್ತೆ ಕೂರಿಸಲು ಅವು ಬೇಕು.