ಮಡಚುವ ಹಬೆ ಬುಟ್ಟಿ: ಬ್ರೊಕೊಲಿಗೆ ಒಗ್ಗುವ ಸಣ್ಣ ಸಾಧನ

ಉಡುಪಿಯ ಪಾತ್ರೆ ಅಂಗಡಿಗಳಲ್ಲಿ ಈಗ ಸುಲಭವಾಗಿ ಸಿಗುವ, ತೂತುಗಳಿರುವ ತಗಡಿನ ದಳಗಳನ್ನು ಬಿಚ್ಚಿ ಮಡಚಬಹುದಾದ ಸ್ಟೀಲಿನ ಹಬೆ ಬುಟ್ಟಿಯನ್ನು ನಾನು ಕೊಂಡದ್ದು ಬ್ರೊಕೊಲಿಯನ್ನು ಊಟದ ಬದಿಗೆ ಸರಳವಾಗಿ ಬೇಯಿಸಿಕೊಳ್ಳುವುದಕ್ಕಾಗಿ. ಆ ಒಂದು ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ. ಅದರಾಚೆಗೆ ಹೆಚ್ಚು ನಿರೀಕ್ಷಿಸುವವರಿಗೆ ನಿರಾಸೆಯಾದೀತು.

ಕರಾವಳಿಯ ಅಡುಗೆಮನೆಗೆ ಹಬೆ ಹೊಸದಲ್ಲ. ಪುಂಡಿ, ಪತ್ರೊಡೆ, ಹಲಸಿನ ಎಲೆಯ ಕೊಟ್ಟೆ ಕಡುಬು, ಮೂಡೆ, ಅರಶಿನ ಎಲೆಯ ಗಟ್ಟಿ ಎಲ್ಲವೂ ಹಬೆಯಲ್ಲಿ ಬೇಯುವಂಥವೇ ಆದ್ದರಿಂದ, ಅಟ್ಟಿನಳಗೆಯೋ ಇಡ್ಲಿ ಪಾತ್ರೆಯೋ ಇಲ್ಲದ ಮನೆ ಇಲ್ಲಿ ಸಿಗುವುದು ಅಪರೂಪ. ಹೀಗಿರುವಾಗ ಇನ್ನೊಂದು ಸಾಧನಕ್ಕೆ ಹಣ ಹಾಕಬೇಕೇ ಎಂದು ಮನೆಯವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ನಮ್ಮ ಪಾತ್ರೆಗಳೆಲ್ಲ ಅಕ್ಕಿಹಿಟ್ಟಿನ ದಪ್ಪ ತಿಂಡಿಗಳನ್ನು ಅರ್ಧ ಗಂಟೆಯೋ ಅದಕ್ಕೂ ಹೆಚ್ಚು ಹೊತ್ತೋ ಬೇಯಿಸುವ ಲೆಕ್ಕದಲ್ಲಿ ರೂಪುಗೊಂಡವು. ನಡುವೆ ಆರಿಹೋಗಬಾರದೆಂದು ಅವುಗಳ ತಳದಲ್ಲಿ ಧಾರಾಳವಾಗಿ ನೀರು ಹಿಡಿಯುತ್ತದೆ, ಆ ನೀರು ಕುದಿಯುವುದಕ್ಕೇ ಸಾಕಷ್ಟು ಹೊತ್ತು ಬೇಕು. ಬ್ರೊಕೊಲಿಯ ಹೂಗಳಿಗಾದರೋ ಬೇಕಾಗಿರುವುದು ನಾಲ್ಕೈದು ನಿಮಿಷದ ಹಬೆ ಮಾತ್ರ. ಮಡಚುವ ಬುಟ್ಟಿಯನ್ನು ಸಾಮಾನ್ಯ ಬಾಣಲೆಯಲ್ಲೋ ಅಗಲ ಬಾಯಿಯ ಪಾತ್ರೆಯಲ್ಲೋ ಇಟ್ಟರೆ ಒಂದು ಲೋಟ ನೀರು ಸಾಕಾಗುತ್ತದೆ. ಅದು ಬೇಗ ಕುದಿಯುತ್ತದೆ, ಅನ್ನ ಬಡಿಸುವಷ್ಟರಲ್ಲಿ ಪಲ್ಯದ ಜಾಗಕ್ಕೆ ತರಕಾರಿ ಸಿದ್ಧವಾಗಿರುತ್ತದೆ. ಈ ಬುಟ್ಟಿಯ ನಿಜವಾದ ಲಾಭ ಇಷ್ಟೇ. ಅದರ ಹಬೆ ಇಡ್ಲಿ ಪಾತ್ರೆಯ ಹಬೆಗಿಂತ ಯಾವ ರೀತಿಯಲ್ಲೂ ಮೇಲಲ್ಲ.

ಸಮಯದ ವಿಷಯದಲ್ಲಿ ಬ್ರೊಕೊಲಿ ಬಹಳ ಕಟ್ಟುನಿಟ್ಟಿನ ತರಕಾರಿ. ಹಬೆ ತಗುಲಿದ ಮೊದಲ ನಿಮಿಷದಲ್ಲಿ ಕೋಶಗಳ ನಡುವಿನ ಗಾಳಿ ಹೊರಬೀಳುವುದರಿಂದ ಅದರ ಹಸಿರು ಇನ್ನಷ್ಟು ಹೊಳೆಯುತ್ತದೆ. ಆರೇಳು ನಿಮಿಷ ದಾಟಿತೆಂದರೆ ತರಕಾರಿಯೊಳಗಿನ ಆಮ್ಲವೇ ಕ್ಲೋರೊಫಿಲ್‌ನಲ್ಲಿರುವ ಮೆಗ್ನೀಸಿಯಮನ್ನು ಹೊರದಬ್ಬಿ, ಹಸಿರು ಮಂಕಾಗಿ ಕಂದಿನತ್ತ ತಿರುಗುತ್ತದೆ, ಜೊತೆಗೆ ಹೆಚ್ಚು ಬೆಂದ ಎಲೆಕೋಸಿನ ಗಂಧಕದ ವಾಸನೆಯೂ ಏಳುತ್ತದೆ. ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ ಎಲ್ಲವೂ ಒಂದೇ ಸಸ್ಯಜಾತಿಯ ಬೇರೆ ಬೇರೆ ರೂಪಗಳಾದ್ದರಿಂದ ಈ ವಾಸನೆಯಲ್ಲಿ ಆಶ್ಚರ್ಯವಿಲ್ಲ. ಬುಟ್ಟಿ ಅಗಲವಾಗಿ ಬಿಚ್ಚಿಕೊಳ್ಳುವುದರಿಂದ ಹೂಗಳನ್ನು ಒಂದೇ ಪದರದಲ್ಲಿ ಹರಡಬಹುದು, ಎಲ್ಲವೂ ಒಟ್ಟಿಗೆ ಬೇಯುತ್ತವೆ. ರಾಶಿ ಹಾಕಿದರೆ ಈ ಅನುಕೂಲವೇ ಹೋಗಿಬಿಡುತ್ತದೆ. ಇಬ್ಬರು ಮೂವರ ಊಟಕ್ಕೆ ಬುಟ್ಟಿ ಸಾಕು, ಆರು ಮಂದಿಯ ಮನೆಗೆ ಅಟ್ಟಿನಳಗೆಯೇ ಸರಿ.

ದಂಟನ್ನು ಎಸೆಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಹೊರಗಿನ ನಾರಿನ ಸಿಪ್ಪೆ ಹೆರೆದು ತೆಳುವಾಗಿ ಹೆಚ್ಚಿದರೆ ಅದು ಹೂವಿಗಿಂತ ಸಿಹಿ. ಹೂಗಳಿಗಿಂತ ಒಂದು ನಿಮಿಷ ಮೊದಲು ಬುಟ್ಟಿಗೆ ಹಾಕಿದರಾಯಿತು. ಬೇಯಿಸುವ ಮೊದಲು ಹೂಕೋಸಿಗೆ ಮಾಡುವಂತೆ ಉಪ್ಪು, ಅರಶಿನ ಬೆರೆಸಿದ ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಡುವುದು ಹುಳುಗಳ ದೃಷ್ಟಿಯಿಂದ ಅಗತ್ಯ. ಬ್ರೊಕೊಲಿ ತಂಪು ಹವೆಯ ಬೆಳೆ, ನಮ್ಮ ಊರಿಗೆ ಘಟ್ಟದ ಮೇಲಿನಿಂದ ಪ್ರಯಾಣ ಮಾಡಿಯೇ ಬರಬೇಕು. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಅಂಗಡಿಯ ಬುಟ್ಟಿಯಲ್ಲೇ ಹೂಗಳು ಹಳದಿಯಾಗಿರುತ್ತವೆ. ಅಂಥದ್ದನ್ನು ಯಾವ ಪಾತ್ರೆಯೂ ಉದ್ಧಾರ ಮಾಡಲಾರದು.

ಕುದಿಯುವ ನೀರಿಗೇ ಹಾಕಿ ಬೇಯಿಸುವುದಕ್ಕೂ ಹಬೆಗೂ ಇರುವ ವ್ಯತ್ಯಾಸ ರುಚಿಯದ್ದು ಮಾತ್ರವಲ್ಲ. ನೂರು ಗ್ರಾಂ ಹಸಿ ಬ್ರೊಕೊಲಿಯಲ್ಲಿ ಸುಮಾರು 89 ಮಿಲಿಗ್ರಾಂ ಸಿ ಜೀವಸತ್ವವಿರುತ್ತದೆ. ಅದು ನೀರಿನಲ್ಲಿ ಕರಗುವಂಥದ್ದಾದ್ದರಿಂದ, ಬೇಯಿಸಿದ ನೀರನ್ನು ಚೆಲ್ಲಿದರೆ ಒಂದಷ್ಟು ಪಾಲು ಅದರೊಂದಿಗೇ ಹೋಗುತ್ತದೆ. ಬ್ರೊಕೊಲಿಯ ಹೆಸರಿನೊಂದಿಗೆ ಪದೇ ಪದೇ ಕೇಳಿಬರುವ ಸಲ್ಫೊರಾಫೇನ್ ಎಂಬ ಅಂಶವಾದರೋ, ತರಕಾರಿಯನ್ನು ಹೆಚ್ಚಿದಾಗ ಅಥವಾ ಜಗಿದಾಗ ಮೈರೊಸಿನೇಸ್ ಎಂಬ ಕಿಣ್ವದ ಕೆಲಸದಿಂದ ಹುಟ್ಟುವಂಥದ್ದು, ಆ ಕಿಣ್ವ ಹೆಚ್ಚು ಬಿಸಿಗೆ ನಾಶವಾಗುತ್ತದೆ. ಅದೇ ಬಗೆಯ ಕಿಣ್ವ ಹಸಿ ಸಾಸಿವೆಯಲ್ಲೂ ಇದೆ. ಬೆಂದ ಬ್ರೊಕೊಲಿಗೆ ಸಾಸಿವೆ ಪುಡಿ ಬೆರೆಸಿದರೆ ಸಲ್ಫೊರಾಫೇನ್ ಹೆಚ್ಚು ದೊರೆಯುತ್ತದೆಂದು ಸಂಶೋಧನೆಗಳು ತೋರಿಸಿವೆ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆಯಿಂದ ಈ ಕೆಲಸವಾಗದು, ಬಿಸಿ ಎಣ್ಣೆ ಕಿಣ್ವವನ್ನು ಉಳಿಸುವುದಿಲ್ಲ. ಆದರೆ ಮಾವಿನ ಹಣ್ಣಿಗೆ, ಅನಾನಸಿಗೆ ಇಲ್ಲಿನ ಮನೆಗಳಲ್ಲಿ ಮಾಡುವ ಸಾಸಿವೆ ಎಂಬ ವ್ಯಂಜನದಲ್ಲಿ ತೆಂಗಿನತುರಿಯೊಂದಿಗೆ ಹಸಿ ಸಾಸಿವೆಯನ್ನೇ ಅರೆಯುತ್ತೇವಲ್ಲವೇ? ಆ ಅರಪ್ಪನ್ನು ಸ್ವಲ್ಪ ಗಟ್ಟಿಯಾಗಿ ತೆಗೆದು, ಹಬೆಯಿಂದಿಳಿಸಿ ಬಿಸಿ ತಗ್ಗಿದ ಬ್ರೊಕೊಲಿಗೆ ಉಪ್ಪಿನೊಂದಿಗೆ ಬೆರೆಸಿದರೆ ಕುಚ್ಚಲಕ್ಕಿ ಅನ್ನ, ತಿಳಿಸಾರಿನ ಪಕ್ಕದಲ್ಲಿ ಅದು ಪರಕೀಯವಾಗಿ ಕಾಣುವುದೇ ಇಲ್ಲ. ಅಷ್ಟು ಪುರಸೊತ್ತಿಲ್ಲದ ದಿನ ಕಾಳುಮೆಣಸಿನ ಪುಡಿ ಮತ್ತು ಒಂದು ಚಮಚ ತೆಂಗಿನೆಣ್ಣೆ ಸಾಕು. ನಿಂಬೆರಸ ಬೇಕೆನ್ನುವವರು ಬಟ್ಟಲಿಗೆ ಬಡಿಸಿದ ಮೇಲೆ ಹಿಂಡಿಕೊಳ್ಳಲಿ, ಮೊದಲೇ ಹಾಕಿಟ್ಟರೆ ಹುಳಿಗೆ ಹಸಿರು ಕೆಡುತ್ತದೆ.

ಬುಟ್ಟಿಯ ದೋಷಗಳು ಕಡಿಮೆಯೇನಲ್ಲ. ಕಾಲುಗಳು ತೀರ ಗಿಡ್ಡ, ಎರಡು ಬೆರಳಿನಷ್ಟು; ನೀರು ತುಸು ಹೆಚ್ಚಾದರೂ ಕುದಿಯುವಾಗ ಚಿಮ್ಮಿ ಕೆಳಗಿನ ಹೂಗಳನ್ನು ನೆನೆಸುತ್ತದೆ, ಕಡಿಮೆಯಾದರೆ ಹತ್ತು ನಿಮಿಷದೊಳಗೆ ಪಾತ್ರೆ ಸೀಯುತ್ತದೆ. ಆದ್ದರಿಂದ ಪತ್ರೊಡೆಯಂಥದ್ದಕ್ಕೆ ಇದನ್ನು ಬಳಸುವ ಯೋಚನೆಯನ್ನೇ ಬಿಡುವುದು ಒಳ್ಳೆಯದು. ನಡುವಿನ ಕಂಬ ಹಿಡಿದೆತ್ತಲು ಇರುವುದಾದರೂ ಬಿಸಿಯಾದಾಗ ಕೈಯಿಂದ ಮುಟ್ಟಲಾಗದು, ಇಕ್ಕಳ ಬೇಕೇ ಬೇಕು. ನಾನ್‌ಸ್ಟಿಕ್ ಬಾಣಲೆಯಲ್ಲಿಟ್ಟರೆ ಕಾಲುಗಳು ಗೀರು ಹಾಕುತ್ತವೆ. ತೊಳೆಯುವುದು ಇನ್ನೊಂದು ತಲೆನೋವು: ದಳಗಳ ಸಂದಿಯಲ್ಲಿ ಹೂವಿನ ಪುಡಿ ಸಿಕ್ಕಿಕೊಂಡು ಒಣಗಿದರೆ ಬ್ರಷ್ ಹಿಡಿದೇ ಕೂರಬೇಕು.

ನಮ್ಮ ಕಡೆ ಎಲ್ಲಕ್ಕಿಂತ ಮುಖ್ಯ ತುಕ್ಕಿನ ಪ್ರಶ್ನೆ. ಸಮುದ್ರದ ಉಪ್ಪುಗಾಳಿ ಮತ್ತು ಮಳೆಗಾಲದ ತೇವ ಎರಡೂ ಸೇರುವ ಈ ಊರಿನಲ್ಲಿ ಅಗ್ಗದ ಸ್ಟೀಲಿನ ಕೀಲುಗಳು ಮೊದಲು ಕೆಂಪಾಗುತ್ತವೆ. 304 ದರ್ಜೆಯ ಸ್ಟೀಲಿನಲ್ಲಿ ಶೇಕಡಾ 18ರಷ್ಟು ಕ್ರೋಮಿಯಂ, 8ರಷ್ಟು ನಿಕಲ್ ಇರುತ್ತದೆ; ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ 200 ಸರಣಿಯ ಸ್ಟೀಲು ಅಗ್ಗವಾದರೂ ಉಪ್ಪಿನೆದುರು ಅಷ್ಟು ಬಾಳಿಕೆ ಬರುವುದಿಲ್ಲ. ಅಂಗಡಿಯವರು ಆಯಸ್ಕಾಂತ ಹಿಡಿದು ತೋರಿಸುವುದನ್ನು ಪರೀಕ್ಷೆಯೆಂದು ನಂಬಬೇಕಾಗಿಲ್ಲ, ಏಕೆಂದರೆ ಈ ಎರಡೂ ಬಗೆಯ ಸ್ಟೀಲು ಆಯಸ್ಕಾಂತಕ್ಕೆ ಬಹುಮಟ್ಟಿಗೆ ಅಂಟುವುದಿಲ್ಲ. ದರ್ಜೆಯನ್ನು ಪಾತ್ರೆಯ ಮೇಲೋ ಪೆಟ್ಟಿಗೆಯ ಮೇಲೋ ಅಚ್ಚೊತ್ತಿದ್ದನ್ನೇ ಕೇಳಿ ಕೊಳ್ಳುವುದು ಲೇಸು.

ವಿದ್ಯುತ್ ಸ್ಟೀಮರುಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ: ಜಾಗ ತಿನ್ನುತ್ತವೆ, ಬ್ರೊಕೊಲಿಗೆ ಅಷ್ಟು ಸಲಕರಣೆ ಬೇಡ. ಮನೆಯಲ್ಲಿ ಇಡ್ಲಿ ಪಾತ್ರೆ ಇರುವವರು ಮೊದಲು ಅದರಲ್ಲೇ, ನೀರು ಅರ್ಧಕ್ಕಿಳಿಸಿ, ಒಂದೇ ತಟ್ಟೆಯ ಮೇಲೆ ಹೂಗಳನ್ನು ಹರಡಿ ನೋಡಲಿ. ಮಣಿಪಾಲದ ಬಾಡಿಗೆ ಕೋಣೆಗಳಲ್ಲಿ ಒಂದೇ ಒಲೆ, ಒಂದೇ ಬಾಣಲೆ ಇಟ್ಟುಕೊಂಡು ಅಡುಗೆ ಮಾಡಿಕೊಳ್ಳುವ ವಿದ್ಯಾರ್ಥಿಗಳಿಗೆ ಮಾತ್ರ ಈ ಬುಟ್ಟಿಯನ್ನು ನಾನು ಸಂಕೋಚವಿಲ್ಲದೆ ಸೂಚಿಸುತ್ತೇನೆ. ಕೊಳ್ಳುವ ಮೊದಲು ಮನೆಯ ಬಾಣಲೆಯ ಅಗಲವನ್ನು ಅಳೆದುಕೊಂಡು ಹೋಗಬೇಕು, ದಳಗಳನ್ನು ಅಂಗಡಿಯಲ್ಲೇ ಪೂರ್ತಿ ಬಿಚ್ಚಿ ಮಡಚಿ, ಯಾವುದಾದರೊಂದು ಕೀಲಿನಿಂದ ಜಾರುತ್ತಿದೆಯೇ ಎಂದು ನೋಡಿಕೊಳ್ಳಬೇಕು, ನಡುವಿನ ಕಂಬ ತಿರುಪಿ ತೆಗೆಯಬಹುದಾದದ್ದನ್ನೇ ಆರಿಸಬೇಕು.