ಬಾಯಿಮಾತಿನ ಫುಲ್ ಸ್ಕಾಲರ್‌ಶಿಪ್ ನಂಬಿ ಸಿಇಟಿ ಸೀಟು ಬಿಡಬೇಡಿ

ಹುಬ್ಬಳ್ಳಿ-ಧಾರವಾಡದಲ್ಲಿ ಮಕ್ಕಳನ್ನು ಇಂಜಿನಿಯರಿಂಗ್‌ಗೆ ಹಚ್ಚಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಪೂರಾ ಫೀ ಮಾಫ್ ಅಂತ ಹೇಳಿ ನನ್ನ ತಂಗಿಯ ಸಿಇಟಿ ಸೀಟು ಬಿಡಿಸಿದ ಖಾಸಗಿ ಯುನಿವರ್ಸಿಟಿಯ ಹೆಸರು ಬರೆಯುತ್ತಿಲ್ಲ, ನಾವು ಕೊಟ್ಟ ದೂರು ಇನ್ನೂ ಮುಗಿದಿಲ್ಲ. ಆದರೆ ನಡೆದದ್ದನ್ನು ಹೇಳದೆ ಸುಮ್ಮನಿರಲು ಆಗುತ್ತಿಲ್ಲ.

ನನ್ನ ತಂಗಿಗೆ ಪಿಯುಸಿ ಸೈನ್ಸ್‌ನಲ್ಲಿ 600ಕ್ಕೆ 587. ಪಿಸಿಎಂ, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರರಲ್ಲಿ 300ಕ್ಕೆ 297. ಬ್ಯಾಡಗಿ ತಾಲೂಕಿನ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಓಡಾಡಿ ಓದಿದ ಹುಡುಗಿ, ಟ್ಯೂಷನ್ ಕಂಡವಳಲ್ಲ. ಸಿಇಟಿ ಮೊದಲ ಸುತ್ತಿನಲ್ಲೇ ಸರ್ಕಾರಿ ಕಾಲೇಜಿನ ಸೀಟು ಸಿಕ್ಕಿತ್ತು. ಇಷ್ಟೆಲ್ಲ ಯಾಕೆ ಬರೆಯುತ್ತಿದ್ದೇನೆಂದರೆ, "ಮಾರ್ಕ್ಸ್ ಕಮ್ಮಿ ಬಿದ್ದಿರಬೇಕು ಬಿಡ್ರಿ" ಅಂತ ನಮ್ಮ ಬೀಗರೇ ಆಡಿಕೊಳ್ಳುತ್ತಿದ್ದಾರೆ. ಕಮ್ಮಿ ಬಿದ್ದಿರಲಿಲ್ಲ. ಆ ಯುನಿವರ್ಸಿಟಿಯ ಬ್ರೋಷರ್‌ನಲ್ಲಿ ಸ್ಕಾಲರ್‌ಶಿಪ್‌ಗೆ ದಪ್ಪ ಅಕ್ಷರದಲ್ಲಿ ಕೇಳಿದ್ದೇ ಪಿಸಿಎಂ 95%. ಅವಳದು 99.

ಅಡ್ಮಿಷನ್ ಆಫೀಸಿನಲ್ಲಿ ಕೂತಿದ್ದ ಕೌನ್ಸೆಲರ್ ಮಾರ್ಕ್ಸ್‌ಕಾರ್ಡ್ ನೋಡಿ ಎದ್ದು ನಿಂತ. ಅಪ್ಪ ಕೇಳಿದರು, "ಸಾಹೇಬ್ರ, ಖರೇನ ಪೂರಾ ಫೀ ಮಾಫ್ ಆಗ್ತೈತೇನ್ರಿ?" ಅವನು ಹೇಳಿದ್ದು ಇದು: "ಕಾಕಾ, ನಿಮ್ಮ ಮಗಳಿಗೆ ಕೊಡಲಿಲ್ಲಂದ್ರ ಮತ್ಯಾರಿಗೆ ಕೊಡೂಣ್ರಿ? ಇಂಥಾ ಹುಡುಗ್ಯಾರ್ನ ನಾವ ಹುಡುಕ್ಕೋಂತ ಅಡ್ಡಾಡತೇವಿ." ಈ ಮಾತನ್ನು ಅಪ್ಪ ಊರಲ್ಲಿ ಎಷ್ಟು ಜನರ ಮುಂದೆ ಹೇಳಿದರೋ. ಪೇಢೆ ಹಂಚಿದರು. ಈಗ ಅದೇ ಜನ ಎದುರಿಗೆ ಸಿಕ್ಕು "ಮಗಳು ಕಾಲೇಜಿಗೆ ಹೊಂಟಳೇನ್ರಿ?" ಅಂತ ಕೇಳುತ್ತಾರೆ.

ಮುಂದಿನದು ಸರಿಯಾಗಿ ಓದಿ, ಮೋಸ ಇರುವುದೇ ಇಲ್ಲಿ. "ಸಿಇಟಿ ಸೀಟ್ ಕೈಯಾಗ ಇಟ್ಕೊಂಡ ಬಂದ್ರ ಸ್ಕಾಲರ್‌ಶಿಪ್ ಕಮಿಟಿಯವ್ರು ನಿಮ್ಮನ್ನ ಹಿಡಿಯೂದಿಲ್ರಿ. ಚಾಯ್ಸ್ 4 ಒತ್ತಿ ಬಂದಬಿಡ್ರಿ" ಅಂದ. ಚಾಯ್ಸ್ 4 ಅಂದರೆ ಸಿಇಟಿ ಸೀಟು ಹಂಚಿಕೆಯಿಂದಲೇ ಹೊರಬರುವ ಆಯ್ಕೆ, ಸಿಕ್ಕ ಸೀಟೂ ಹೋಯಿತು, ಮುಂದಿನ ಸುತ್ತುಗಳೂ ಹೋದವು. ನಾನು ಲೆಟರ್ ಕೇಳಿದೆ. "ಲೆಟರ್ ಕಮಿಟಿಯಿಂದ ಬರಬೇಕ್ರಿ ಸರ್, ಬರೇ ಫಾರ್ಮಾಲಿಟಿ. ನಾ ಹೇಳಾಕತ್ತೀನಲ್ರಿ." ಸೀಟ್ ಬುಕ್ಕಿಂಗ್ ಅಂತ 50,000 ಕಟ್ಟಿಸಿಕೊಂಡರು, ಮೆಣಸಿನಕಾಯಿ ಮಾರಿದ ರೊಕ್ಕ ಅದು. ವೆರಿಫಿಕೇಷನ್ ಅಂತ ಒರಿಜಿನಲ್ ಮಾರ್ಕ್ಸ್‌ಕಾರ್ಡನ್ನೂ ಇಟ್ಟುಕೊಂಡರು. ತಂಗಿ ಚಾಯ್ಸ್ 4 ಒತ್ತಿದಳು.

ಆಮೇಲೆ ಫೀ ಕೌಂಟರ್. ಚಲನ್ ಕೈಗೆ ಬಂತು, ಪೂರ್ತಿ ಫೀ ಇದೆ. ತಪ್ಪಿ ಬಂದಿರಬೇಕು ಅಂದುಕೊಂಡು ವಾಪಸ್ ಕೊಟ್ಟೆ. ಕೌಂಟರಿನಲ್ಲಿದ್ದ ಹೆಣ್ಣುಮಗಳು ಕಂಪ್ಯೂಟರ್ ನೋಡಿ, "ಸ್ಕಾಲರ್‌ಶಿಪ್ ಕಾಲಂನ್ಯಾಗ ಏನೂ ಇಲ್ರಿ" ಅಂದಳು. ಹಿಂದೆ ಸಾಲು ನಿಂತಿತ್ತು, ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಅಪ್ಪ ಮತ್ತೆ ಮತ್ತೆ "ಪೂರಾ ಮಾಫ್ ಅಂದಿದ್ರಲ್ರಿ, ಪೂರಾ ಮಾಫ್ ಅಂದಿದ್ರು" ಅನ್ನುತ್ತಿದ್ದರು. ತಂಗಿ ನನ್ನ ಅಂಗಿ ಜಗ್ಗಿ "ಅಣ್ಣಾ, ಹೋಗೂಣ ನಡಿ" ಅಂದಳು. ಆ ಹೊತ್ತಿನ ಅವಮಾನ ನನಗೆ ಈಗಲೂ ನಿದ್ದೆ ಕೊಡುತ್ತಿಲ್ಲ.

ಕೌನ್ಸೆಲರ್ ಫೋನ್ ಎತ್ತಲಿಲ್ಲ. ಹುಡುಕಿ ಹಿಡಿದಾಗ ಬಂದ ಉತ್ತರ: ಪಿಯುಸಿ ಮಾರ್ಕ್ಸ್ ಅಷ್ಟೇ ಸಾಲದು, ನಮ್ಮದೇ ಟೆಸ್ಟ್ ಬರೆಯಬೇಕಿತ್ತು. ಟೆಸ್ಟ್ ಇದೆ ಅಂತ ಯಾರು ಹೇಳಿದ್ದರು? ಯಾರೂ ಇಲ್ಲ. ಅದಾದ ಮೇಲೆ ಹೊಸ ಉತ್ತರ: ಸಿಇಟಿ ರ‍್ಯಾಂಕ್ ಮೇಲೆ ಕೊಟ್ಟಿದ್ದೇವೆ. ಸಿಇಟಿ ಸೀಟು ಬಿಟ್ಟು ಬನ್ನಿ ಅಂದವರೇ ಇವರು! ರ‍್ಯಾಂಕ್ ತೋರಿಸಿದೆ. ಆಗ, "ಇದ್ದವು ಸ್ವಲ್ಪ, ಮುಗದಾವ್ರಿ." ಎಷ್ಟಿದ್ದವು? "ಅದು ಇಂಟರ್ನಲ್ ರೀ." ಯಾರಿಗೆ ಕೊಟ್ಟಿರಿ, ಲಿಸ್ಟ್ ತೋರಿಸಿ. "ಕಾನ್ಫಿಡೆನ್ಶಿಯಲ್." ಕೊನೆಗೆ ಒಳಗಿನ ಚೇಂಬರ್‌ನ ದೊಡ್ಡ ಮನುಷ್ಯ ಬ್ರೋಷರ್ ತಿರುವಿ ಹಿಂದಿನ ಪುಟದ ತಳದಲ್ಲಿ ಬೆರಳಿಟ್ಟರು: ಆಡಳಿತ ಮಂಡಳಿಯ ವಿವೇಚನೆಗೆ ಒಳಪಟ್ಟಿರುತ್ತದೆ. ಮೇಲಿಂದ ಒಂದು ಮಾತು: "ಮಾರ್ಕ್ಸ್ ಇದ್ದವ್ರಿಗೆಲ್ಲಾ ಮಾಫ್ ಮಾಡ್ಕೋಂತ ಹೋದ್ರ ಯುನಿವರ್ಸಿಟಿ ನಡಸೂದ್ ಹೆಂಗ್ರಿ?"

ಹಾಗಾದರೆ ಮೆರಿಟ್ ಸ್ಕಾಲರ್‌ಶಿಪ್ ಅಂತ ಊರ ತುಂಬ ಬ್ಯಾನರ್ ಕಟ್ಟುವುದು ಯಾಕೆ?

"ರೈತರ ಮಕ್ಕಳಲ್ರಿ, ರೈತ ವಿದ್ಯಾನಿಧಿ ತಗೋರಿ" ಅಂತ ಸಮಾಧಾನ ಬೇರೆ. ಅದು ರೈತರ ಮಕ್ಕಳಿಗೆ ರಾಜ್ಯ ಸರ್ಕಾರ ಕೊಡುವ ವಿದ್ಯಾರ್ಥಿವೇತನ, ಇಂಜಿನಿಯರಿಂಗ್ ಓದುವ ಹೆಣ್ಣುಮಕ್ಕಳಿಗೆ ಅದರಲ್ಲಿ ವರ್ಷಕ್ಕೆ 11,000. ಇವರ ಫೀ ಲಕ್ಷಗಳ ಲೆಕ್ಕ. ಆದರೂ ಒಂದು ಮಾತು ಹೇಳುತ್ತೇನೆ, ಆ 11,000ಕ್ಕೆ ಆದೇಶ ಇದೆ, ಯಾರಿಗೆ ಎಷ್ಟು ಅಂತ ಬರೆದಿದೆ. ಕೇಂದ್ರ ಸರ್ಕಾರದ ಕಾಲೇಜು ವಿದ್ಯಾರ್ಥಿವೇತನವೂ ಹಾಗೇ: ಬೋರ್ಡ್ ಪರೀಕ್ಷೆಯಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲೆ, ಅಂದರೆ ಮೇಲಿನ 20% ಮಕ್ಕಳಲ್ಲಿ ಇರಬೇಕು, ಮನೆಯ ಆದಾಯ 4.5 ಲಕ್ಷದೊಳಗೆ, ಡಿಗ್ರಿಗೆ ವರ್ಷಕ್ಕೆ 12,000. ಸಣ್ಣ ಮೊತ್ತ, ಆದರೆ ನಿಯಮ ಎಲ್ಲರ ಕಣ್ಣ ಮುಂದಿದೆ. ಬ್ಯಾಡಗಿ ಮಾರ್ಕೆಟ್‌ನಲ್ಲಿ ಕೂಡ ಮೆಣಸಿನಕಾಯಿ ಚೀಲದ ದರ ಬರವಣಿಗೆಯಲ್ಲಿ ಬರುತ್ತದೆ. ಲಕ್ಷಗಟ್ಟಲೆ ಫೀ ಮಾಫ್ ಮಾಡುತ್ತೇವೆ ಅನ್ನುವ ಈ ಯುನಿವರ್ಸಿಟಿಯಲ್ಲಿ ಬರವಣಿಗೆ ಇಲ್ಲ.

ಸೀಟ್ ಕ್ಯಾನ್ಸಲ್ ಮಾಡುತ್ತೇವೆ ಅಂದರೆ "ಬುಕ್ಕಿಂಗ್ ರೊಕ್ಕ ತಿರುಗಿ ಬರೂದಿಲ್ರಿ" ಅಂದರು. ಯುನಿವರ್ಸಿಟಿಗಳಿಗೆ ನಿಯಮ ಮಾಡುವ ಕೇಂದ್ರದ ಯುಜಿಸಿಯ 2018ರ ಅಕ್ಟೋಬರ್ ಅಧಿಸೂಚನೆ ಪ್ರಿಂಟ್ ತೆಗೆಸಿಕೊಂಡು ಹೋದೆ. ಪ್ರವೇಶದ ಕೊನೇ ದಿನಕ್ಕಿಂತ ಮುಂಚೆ ಎಷ್ಟು ಬೇಗ ಸೀಟು ಬಿಟ್ಟರೆ ಎಷ್ಟು ಫೀ ವಾಪಸ್ ಕೊಡಬೇಕು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಮೂಲ ದಾಖಲೆ ಇಟ್ಟುಕೊಳ್ಳುವಂತಿಲ್ಲ ಅಂತಲೂ ಇದೆ. ಕಾಗದ ಟೇಬಲ್ ಮೇಲೆ ಇಟ್ಟ ಮೇಲೆ ಮಾರ್ಕ್ಸ್‌ಕಾರ್ಡ್ ಕಪಾಟಿನಿಂದ ತಾನಾಗಿ ಹೊರಗೆ ಬಂತು. ಅಲ್ಲಿತನಕ "ವೆರಿಫಿಕೇಷನ್ ನಡದೈತ್ರಿ" ಅನ್ನುತ್ತಿದ್ದವರು ಇವರೇ.

ಆದ್ದರಿಂದ ಹೇಳುತ್ತೇನೆ. ಲೆಟರ್‌ಹೆಡ್ ಮೇಲೆ ಮಗುವಿನ ಹೆಸರು, ಮಾಫಾಗುವ ಮೊತ್ತ, ಎಷ್ಟು ವರ್ಷಕ್ಕೆ ಅನ್ನುವುದು ಬರೆದು ಸಹಿ ಮಾಡಿ ಕೊಡುವ ತನಕ ಚಾಯ್ಸ್ 4 ಮುಟ್ಟಬೇಡಿ. ಒರಿಜಿನಲ್ ತೋರಿಸಿ, ಕೈಗೆ ಕೊಡಬೇಡಿ. ಕೌನ್ಸೆಲರ್ ಕಳಿಸಿದ ವಾಟ್ಸಾಪ್ ಮೆಸೇಜ್ ಒಂದನ್ನೂ ಅಳಿಸಬೇಡಿ, ನಮ್ಮ ದೂರು ನಿಂತಿರುವುದೇ ಅದರ ಮೇಲೆ. ಯುಜಿಸಿಯ 2023ರ ನಿಯಮದಂತೆ ಯುನಿವರ್ಸಿಟಿಯಲ್ಲಿ ವಿದ್ಯಾರ್ಥಿ ಕುಂದುಕೊರತೆ ಸಮಿತಿ, ಅದರ ಮೇಲೆ ಮೇಲ್ಮನವಿ ಕೇಳುವ ಓಂಬುಡ್ಸ್‌ಪರ್ಸನ್ ಇರಬೇಕು. ಪ್ರವೇಶ ಕೇಳಿ ಬಂದವರೂ ಅಲ್ಲಿಗೆ ದೂರು ಕೊಡಬಹುದು. "ನೀವಿನ್ನೂ ನಮ್ಮ ವಿದ್ಯಾರ್ಥಿ ಅಲ್ರಿ" ಅಂತ ನಮ್ಮನ್ನು ವಾಪಸ್ ಕಳಿಸಲು ನೋಡಿದರು, ನೀವು ಹಾಗೆ ವಾಪಸ್ ಹೋಗಬೇಡಿ.

ತಂಗಿ ಹಾವೇರಿಯಲ್ಲಿ ಬಿಎಸ್ಸಿಗೆ ಸೇರಿದ್ದಾಳೆ, ಮುಂದಿನ ವರ್ಷ ಮತ್ತೆ ಸಿಇಟಿ ಬರೆಯುತ್ತಾಳೆ. ಬುಕ್ಕಿಂಗ್ ರೊಕ್ಕ ಇನ್ನೂ ಬಂದಿಲ್ಲ. ಕೇಳಿದಾಗಲೆಲ್ಲ "ಅಕೌಂಟ್ಸ್‌ನ್ಯಾಗ ಐತ್ರಿ" ಅನ್ನುತ್ತಾರೆ.